ಕಬ್ಬಿನ ಗದ್ದೆಯಲ್ಲಿ ಒಂದು ದೆವ್ವದ ಸಿನಿಮಾ ಮಾಡೋದು ಹೇಗೆ

ದೆವ್ವದ ಕಿರುಚಿತ್ರ ಮಾಡಬೇಕು ಅಂತ ಹೊರಟವರು ಮೊದಲು ಪಾಳು ಬಂಗಲೆ ಹುಡುಕುತ್ತಾರೆ. ಬೇಡ. ಮಂಡ್ಯದ ಸುತ್ತ ಎಲ್ಲಿಗೆ ಹೋದರೂ ಕಬ್ಬಿನ ಗದ್ದೆ ಇದೆ, ಅದರ ಮೂಲೆಯಲ್ಲೊಂದು ಪಂಪ್‌ಸೆಟ್ ಇದೆ, ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ಟಾರ್ಚ್ ಹಿಡಿದು ಒಬ್ಬನೇ ಹೋಗಿ ಮೋಟರ್ ಹಾಕಬೇಕಾದ ಹುಡುಗನೂ ಇದ್ದಾನೆ. ಅವನು ಆ ಕತ್ತಲಲ್ಲಿ ಅಲ್ಲಿಗೆ ಯಾಕೆ ಹೋದ ಅಂತ ಯಾರೂ ಕೇಳಲ್ಲ. ಎಷ್ಟೋ ಸಿನಿಮಾಗಳು ಆ ಪ್ರಶ್ನೆಗೇ ಸೋತುಹೋಗುತ್ತವೆ.

ಆಮೇಲೆ ಒಂದು ನಿಯಮ ಬೇಕು. ಒಂದೇ ಸಾಕು. ರಾತ್ರಿ ಯಾರಾದರೂ ಹೆಸರು ಹಿಡಿದು ಕರೆದರೆ ಮೂರನೇ ಸಲ ಕರೆಯುವ ತನಕ ಓಗೊಡಬಾರದು ಅಂತ ಅಜ್ಜಿಯರು ಹೇಳುತ್ತಿದ್ದರು, ಅಲ್ವಾ? ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದದ್ದೂ ಇಂಥದ್ದೇ ಭಯಕ್ಕೆ. ಆ ಮೂರು ಕರೆಯ ನಿಯಮವನ್ನು ಮೊದಲ 2 ನಿಮಿಷದೊಳಗೆ, ಊಟದ ಹೊತ್ತಲ್ಲಿ, ಸುಮ್ನೆ ಬೇರೆ ಮಾತಿನ ನಡುವೆ ಹೇಳಿಸಿಬಿಡಿ. ಮುಂದೆ ಗದ್ದೆಯೊಳಗಿಂದ ಅಪ್ಪನ ದನಿ ಒಂದು ಸಲ ಕರೆಯಲಿ. ಸ್ವಲ್ಪ ಬಿಟ್ಟು ಇನ್ನೊಂದು ಸಲ. ಅಲ್ಲಿಗೆ ನಿಲ್ಲಿಸಿ. ಇನ್ನು ಎಣಿಸುವ ಕೆಲಸ ನೋಡುವವರದ್ದು. ಹುಡುಗ ಬಾಯಿ ತೆರೆಯುವ ಮೊದಲೇ ಅವರ ಎದೆ ಹೊಡೆದುಕೊಳ್ಳಲು ಶುರುವಾಗಿರುತ್ತದೆ.

ನಮ್ಮ ಮೊದಲ ಕಿರುಚಿತ್ರದಲ್ಲಿ ಇದು ಗೊತ್ತಿರಲಿಲ್ಲ. ಮೂರನೇ ನಿಮಿಷಕ್ಕೇ ಬಿಳಿ ಸೀರೆ ತೋರಿಸಿಬಿಟ್ಟೆವು. ಒಮ್ಮೆ ಕಂಡ ಮೇಲೆ ಕಾಯುವುದಕ್ಕೆ ಏನೂ ಉಳಿಯಲಿಲ್ಲ.

ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ ಬಿಟ್ಟುಬಿಡಿ. 2007ರ 'ಪ್ಯಾರಾನಾರ್ಮಲ್ ಆಕ್ಟಿವಿಟಿ'ಯನ್ನು ಅದರ ನಿರ್ದೇಶಕ ತನ್ನ ಮನೆಯಲ್ಲೇ ಸುಮಾರು 15,000 ಡಾಲರಿನಲ್ಲಿ ತೆಗೆದ. ಮಲಗುವ ಕೋಣೆ, ಅಲುಗಾಡದ ಕ್ಯಾಮೆರಾ, ತಾನಾಗೇ ಮೆಲ್ಲಗೆ ಸರಿಯುವ ಬಾಗಿಲು. ಚೌಕಟ್ಟು ಅಲುಗದಿದ್ದರೆ ನೋಡುವವರ ಕಣ್ಣು ತಾನೇ ಮೂಲೆಮೂಲೆ ತಡಕುತ್ತದೆ. ಮೊಬೈಲಲ್ಲಿ ತೆಗೆಯುವುದಾದರೆ ಎಕ್ಸ್‌ಪೋಶರ್ (ಚಿತ್ರಕ್ಕೆ ಎಷ್ಟು ಬೆಳಕು ಅನ್ನೋದು) ಲಾಕ್ ಮಾಡಿ, ಇಲ್ಲದಿದ್ದರೆ ಫೋನು ಕತ್ತಲನ್ನು ತಾನೇ ಬೆಳಗಿಸಿ ಚಿತ್ರವನ್ನೆಲ್ಲ ಚುಕ್ಕಿಚುಕ್ಕಿ ಮಾಡುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಶಟರ್ ಸ್ಪೀಡನ್ನು 1/50 ಸೆಕೆಂಡಿಗೆ ಇಟ್ಟರೆ ಟ್ಯೂಬ್‌ಲೈಟ್ ಮಿಣುಕುವುದಿಲ್ಲ.

ಎಲ್ಲಕ್ಕಿಂತ ಜಾಸ್ತಿ ಸಮಯ ಶಬ್ದಕ್ಕೆ ಕೊಡಿ. ಗದ್ದೆಯ ಬದುವಿನಲ್ಲಿ ಯಾರೂ ಮಾತಾಡದೆ 5 ನಿಮಿಷ ರೆಕಾರ್ಡ್ ಮಾಡಿಕೊಳ್ಳಿ: ಜೀರುಂಡೆ, ಕಪ್ಪೆ, ತರಗಿನ ಸರಸರ, ದೂರದ ಮೋಟರ್. ಇದನ್ನು ಸಿನಿಮಾ ಪೂರ್ತಿ ಕೆಳಗೆ ಹರಿಸಿ, ನೋಡುವವರು ಅದನ್ನು ಮರೆತೇಬಿಡುವಷ್ಟು ಸಣ್ಣಗೆ. ಹತ್ತಿರದಲ್ಲಿ ಹೆಜ್ಜೆ ಬಿದ್ದರೆ ಜೀರುಂಡೆ ಸುಮ್ಮನಾಗುತ್ತದೆ, ಹಳ್ಳಿಯವರಿಗೆಲ್ಲ ಗೊತ್ತು. ಎರಡನೇ ಕರೆ ಆದ ಮೇಲೆ ಜೀರುಂಡೆಯನ್ನು ತಟ್ಟನೆ ನಿಲ್ಲಿಸಿ. ಯಾವ ಸಂಗೀತವೂ ಬೇಡ. ಗದ್ದೆಯೊಳಗೆ ಯಾರೋ ಇದ್ದಾರೆ ಅಂತ ಹೇಳಿದ ಹಾಗಾಯಿತು.

ಹುಡುಗ ಓಗೊಡುತ್ತಾನೆ. ಒಂದು ನಿಮಿಷ ಏನೂ ಆಗುವುದಿಲ್ಲ. ಈ ಒಂದು ನಿಮಿಷವನ್ನು ಎಡಿಟಿಂಗಲ್ಲಿ ಕತ್ತರಿಸಬೇಡಿ, ಎಷ್ಟೇ ಆಸೆಯಾದರೂ.

ಕೊನೆಗೆ ದೆವ್ವದ ಹಳೇ ಕಥೆ, ಸೇಡು, ಮಂತ್ರವಾದಿ ಏನೂ ತರಬೇಡಿ. ಹುಡುಗ ಮನೆಗೆ ಬರಲಿ. ಅಪ್ಪ ಜಗಲಿಯ ಮೇಲೆ ಮಲಗಿ ಗೊರಕೆ ಹೊಡೆಯುತ್ತಿರಲಿ. ಅಮ್ಮ ಒಲೆ ಮುಂದಿಂದ ಎದ್ದು ಬಂದು, ಹುಡುಗನ ಹಿಂದೆ ಒಮ್ಮೆ ನೋಡಿ, ಎರಡು ತಟ್ಟೆಗೆ ಮುದ್ದೆ ಬಡಿಸಲಿ.