ಎಲೆಯ ಬೆನ್ನು

ಆ ಸಲ ಸ್ಟ್ರಾಬೆರಿಗೆ ಮೂರು ಬಾರಿ ಔಷಧಿ ಹೊಡೆದಿದ್ದೆ. ಸಸ್ಯಹೇನು ಕಂಡಿತೆಂದು ಒಮ್ಮೆ, ಇನ್ನೂ ನಾಲ್ಕು ಉಳಿದಿವೆಯಲ್ಲ ಎಂದು ಇನ್ನೊಮ್ಮೆ, ಡಬ್ಬಿಯಲ್ಲಿ ಹೇಗೂ ಮಿಕ್ಕಿದೆಯಲ್ಲ ಎಂದು ಮೂರನೆಯ ಸಲ. ಹದಿನೈದು ದಿನ ಕಳೆಯುವಷ್ಟರಲ್ಲಿ ಎಲೆಗಳು ಮಂಕಾದವು, ಆಮೇಲೆ ಕಂಚಿನ ಬಣ್ಣಕ್ಕೆ ತಿರುಗಿದವು. ಗೊಬ್ಬರ ಸಾಲದೇನೋ ಎಂದುಕೊಂಡು ಸಾರಜನಕ ಕೊಟ್ಟೆ. ಗಿಡ ಇನ್ನಷ್ಟು ಸೊರಗಿತು.

ಬಹಳ ವರ್ಷಗಳಿಂದ ಹಣ್ಣು ಬೆಳೆಯುತ್ತಿದ್ದ ಹಿರಿಯರೊಬ್ಬರು ನೋಡಲು ಬಂದರು. ನಾನು ಎಲೆಯ ಮೇಲಿನ ಕಲೆ ತೋರಿಸುತ್ತಿದ್ದರೆ, ಅವರು ಅದನ್ನು ಮಗುಚಿ, ಜೇಬಿನಿಂದ ಪುಟ್ಟ ಭೂತಗನ್ನಡಿ ತೆಗೆದು ಕೈಗಿತ್ತರು. "ನೀವೇ ನೋಡಿ" ಅಂದರು. ನೋಡಿದೆ. ಎಲೆಯ ಬೆನ್ನಿನ ತುಂಬ ಸಣ್ಣ ಜೇಡರ ಬಲೆ. ಅದರ ನಡುವೆ ಬೆನ್ನಿನ ಎರಡೂ ಪಕ್ಕ ಕಪ್ಪು ಚುಕ್ಕೆ ಹೊತ್ತ, ಹಳದಿ ಮಿಶ್ರಿತ ಹಸಿರು ನುಸಿಗಳು. ಗಾಜಿನ ಮಣಿಯಂಥ ದುಂಡನೆಯ ಮೊಟ್ಟೆಗಳು. ಅದು ಎರಡು ಚುಕ್ಕೆಯ ಜೇಡನುಸಿ. ಹವೆ ಬಿಸಿಯಾಗಿ ಒಣಗಿದ್ದರೆ ಮೊಟ್ಟೆಯಿಂದ ಹೊರಬಂದದ್ದು ಹತ್ತು ದಿನದ ಆಚೀಚೆಗೆ ತಾನೇ ಮೊಟ್ಟೆಯಿಡುತ್ತದೆ.

"ಇದನ್ನು ತಿನ್ನುವವು ಎಲ್ಲಿ ಹೋದವು?" ಎಂದು ಅವರು ಕೇಳಿದರು. ಕೊಂದವನು ನಾನೇ ಆಗಿದ್ದರಿಂದ ಉತ್ತರ ಹೇಳಲು ನಾಲಿಗೆ ಏಳಲಿಲ್ಲ. ನಾನು ಹೊಡೆದದ್ದು ಪೈರೆಥ್ರಾಯ್ಡ್ ಗುಂಪಿನ ಔಷಧಿ. ಅದು ಹೇನನ್ನಷ್ಟೇ ಅಲ್ಲ, ನುಸಿಯನ್ನು ತಿನ್ನುವ ಪರಭಕ್ಷಕ ನುಸಿ, ಗುಲಗಂಜಿ ಹುಳು ಎಲ್ಲವನ್ನೂ ಸಾರಾಸಗಟಾಗಿ ತೆಗೆದುಹಾಕುತ್ತದೆ. ಜೇಡನುಸಿಗೆ ಮಾತ್ರ ಅಷ್ಟಾಗಿ ತಟ್ಟುವುದಿಲ್ಲ. ಮೇಲಿಂದ ನಾನು ಕೊಟ್ಟ ಸಾರಜನಕ ಎಲೆಯನ್ನು ಮೆತ್ತಗೆ ಮಾಡಿ ಅದಕ್ಕೆ ಔತಣ ಬಡಿಸಿತ್ತು.

ಅಂದಿನಿಂದ ಡಬ್ಬಿ ಮುಚ್ಚಿಟ್ಟೆ. ಕಂಚಾದ ಹಳೆ ಎಲೆಗಳನ್ನು ಚಿವುಟಿ ತೋಟದಿಂದ ಹೊರಗೆ ಹಾಕಿದೆ. ಬೆಳಿಗ್ಗೆ ಬೇಗ ಎಲೆಯ ಬೆನ್ನಿಗೆ ನೀರು ಜೋರಾಗಿ ಹಾಯಿಸಿದೆ. ಬೆಳಿಗ್ಗೆಯೇ ಏಕೆಂದರೆ ಸಂಜೆ ಹಾಯಿಸಿದರೆ ಎಲೆ ರಾತ್ರಿಯಿಡೀ ಒದ್ದೆಯಾಗಿ ಬೇರೆ ರೋಗ ಬರುತ್ತದೆ. ಧೂಳಿದ್ದಲ್ಲಿ ನುಸಿ ಹೆಚ್ಚು, ಹಾಗಾಗಿ ಮಡಿಗಳ ನಡುವಿನ ದಾರಿಯಲ್ಲಿ ಹುಲ್ಲು ಬೆಳೆಯಲು ಬಿಟ್ಟೆ. ಕೊನೆಗೆ ಫೈಟೋಸಿಯುಲಸ್ ಪರ್ಸಿಮಿಲಿಸ್ ಎಂಬ ಪರಭಕ್ಷಕ ನುಸಿಯನ್ನು ತರಿಸಿ ಎಲೆಗಳ ಮೇಲೆ ಉದುರಿಸಿದೆ. ಕಿತ್ತಳೆ ಬಣ್ಣ, ಸೀಬೆಕಾಯಿಯ ಆಕಾರ, ಕಾಲು ಚುರುಕು. ಇದು ಜೇಡನುಸಿಯನ್ನೇ ನಂಬಿ ಬದುಕುವ ಜೀವ. ತಿನ್ನಲು ನುಸಿ ಇಲ್ಲದಿದ್ದರೆ ಸಾಯುತ್ತದೆ, ಗಾಳಿಯಲ್ಲಿ ತೇವ ಕಡಿಮೆಯಾದರೂ ಸೋಲುತ್ತದೆ. ಹಾಗಾಗಿ 'ಒಮ್ಮೆ ಬಿಟ್ಟರೆ ಆಯಿತು' ಎನ್ನುವವರ ಮಾತು ನಂಬಬೇಡಿ. ನನಗೆ ಎರಡು ಸಲ ಬಿಡಬೇಕಾಯಿತು. ಮೂರನೆಯ ವಾರ ಭೂತಗನ್ನಡಿಯಲ್ಲಿ ಕಂಡದ್ದು ನುಸಿಗಳ ಒಣ ಸಿಪ್ಪೆ. ಆ ವರ್ಷದ ಫಸಲು ಅರ್ಧಕ್ಕೆ ಇಳಿದಿತ್ತು. ಅದನ್ನೂ ಹೇಳಿಬಿಡಬೇಕು.

ಮಣ್ಣಿನ ವಿಷಯಕ್ಕೆ ಬಂದರೆ, ಸ್ಟ್ರಾಬೆರಿಯ ಬೇರು ಆಳಕ್ಕೆ ಇಳಿಯುವುದಿಲ್ಲ, ಬಹುಪಾಲು ಮೇಲಿನ ಒಂದು ಅಡಿಯೊಳಗೇ ಇರುತ್ತದೆ. ನೀರು ನಿಂತರೂ ಕಷ್ಟ, ಒಣಗಿದರೂ ಕಷ್ಟ. 20 ಸೆಂಟಿಮೀಟರ್ ಎತ್ತರದ ಏರುಮಡಿ ಮಾಡಿ, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ, ಮೇಲೆ ಡ್ರಿಪ್ ಪೈಪು ಎಳೆದೆ. ಅದಕ್ಕೂ ಮೊದಲು ಆ ಜಾಗದಲ್ಲಿ ಅಲಸಂದೆ ಬಿತ್ತಿ, ಹೂ ಕಾಣುವ ಹೊತ್ತಿಗೆ ಕತ್ತರಿಸಿ ಮಣ್ಣಿಗೆ ಸೇರಿಸಿದ್ದೆ. ಟೊಮೆಟೊ, ಆಲೂಗಡ್ಡೆ, ಬದನೆ ಬೆಳೆದ ಜಾಗ ಮಾತ್ರ ಬೇಡ. ವರ್ಟಿಸಿಲಿಯಂ ಎಂಬ ಸೊರಗು ರೋಗದ ಶಿಲೀಂಧ್ರ ಆ ಬೆಳೆಗಳಿಗೂ ಬರುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಕೂತಿರುತ್ತದೆ.

ನಾಟಿಯಲ್ಲಿ ಒಂದು ಬೆರಳಿನಷ್ಟು ಹೆಚ್ಚುಕಮ್ಮಿಯಾದರೂ ಗಿಡ ಕೈಬಿಡುತ್ತದೆ. ಬೇರೂ ಎಲೆಯೂ ಸೇರುವ ಕಡೆ ಗಿಡ್ಡನೆಯ ಗಂಟಿದೆ, ಕ್ರೌನ್ ಅನ್ನುತ್ತಾರೆ. ಅದರ ಅರ್ಧ ಮಣ್ಣಿನೊಳಗೆ, ಅರ್ಧ ಹೊರಗೆ ಇರಬೇಕು. ಹೂತರೆ ಸುಳಿ ಕೊಳೆಯುತ್ತದೆ, ಮೇಲೆ ಉಳಿದರೆ ಬೇರು ಒಣಗುತ್ತದೆ. ಮೊದಲ ವರ್ಷ ಗಟ್ಟಿಯಾಗಲಿ ಎಂದು ಆಳಕ್ಕೆ ಒತ್ತಿದ್ದೆ, ಒಂದು ಸಾಲು ಪೂರ್ತಿ ಹೋಯಿತು. ಈಗ ನೆಟ್ಟು ನೀರು ಕೊಟ್ಟ ಮೇಲೆ ಇನ್ನೊಂದು ಸುತ್ತು ಬಂದು ಪ್ರತಿ ಗಿಡವನ್ನೂ ಬೆರಳಲ್ಲಿ ಮುಟ್ಟಿ ನೋಡುತ್ತೇನೆ, ನೀರಿಗೆ ಮಣ್ಣು ಸರಿದು ಗಂಟು ಮುಚ್ಚಿರುತ್ತದೆ.

ಹೊದಿಕೆಗೆ ಒಂದು ವರ್ಷ ಕಪ್ಪು ಪ್ಲಾಸ್ಟಿಕ್ ಹಾಕಿದ್ದೆ. ಕಳೆ ಬರಲಿಲ್ಲ, ಹಣ್ಣಿಗೆ ಮಣ್ಣು ಹತ್ತಲಿಲ್ಲ, ಆದರೆ ಕಿತ್ತಾಗ ಚೂರುಚೂರಾಗಿ ಬಂತು. ಆ ಚೂರು ಇಂದಿಗೂ ಗುದ್ದಲಿಗೆ ಸಿಗುತ್ತದೆ. ಈಗ ಒಣಹುಲ್ಲು. ಅದನ್ನು ಮೇಲೆ ಹರಡಿದರೆ ತೊಂದರೆಯಿಲ್ಲ. ಮಣ್ಣಿಗೆ ಬೆರೆಸಿದರೆ ಕೊಳೆಸುವ ಸೂಕ್ಷ್ಮಜೀವಿಗಳು ಸಾರಜನಕವನ್ನು ತಮಗೇ ಎಳೆದುಕೊಂಡು ಗಿಡ ಹಳದಿಯಾಗುತ್ತದೆ. ಬುಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಡುತ್ತೇನೆ. ಹುಲ್ಲಿನಡಿ ಚಿಪ್ಪಿಲ್ಲದ ಬಸವನಹುಳು ಸೇರಿಕೊಳ್ಳುತ್ತದೆ, ಅದನ್ನು ರಾತ್ರಿ ಬ್ಯಾಟರಿ ಹಿಡಿದು ಹೆಕ್ಕುವುದೇ ಕೆಲಸ.

ಒಮ್ಮೆ ಮಳೆಗೆ ಹೆದರಿ ಮಡಿಗಳ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಕಟ್ಟಿದ್ದ ಸುರಂಗದಂಥ ಪಾಲಿಟನೆಲ್‌ನ ಎರಡೂ ಬಾಯಿ ಮುಚ್ಚಿದ್ದೆ. ಹಣ್ಣು ಸೊಟ್ಟಗೆ, ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸುಕ್ಕುಗಟ್ಟಿ ಬಂತು. ಪೋಷಕಾಂಶದ ಕೊರತೆ ಎಂದು ಪುನಃ ಗೊಬ್ಬರದ ಚೀಲದ ಕಡೆ ಕೈಹೋಯಿತು. ಕಾರಣ ಬೇರೆ. ಸ್ಟ್ರಾಬೆರಿಯ ಮೈಮೇಲೆ ಬೀಜದಂತೆ ಕಾಣುವ ಒಂದೊಂದೂ ನಿಜವಾದ ಹಣ್ಣು. ಅದು ಫಲಿತವಾದರಷ್ಟೇ ಅದರ ಸುತ್ತಲಿನ ತಿರುಳು ಉಬ್ಬುತ್ತದೆ. ಜೇನ್ನೊಣ ಒಳಗೆ ಬರಲಿಲ್ಲ, ಪರಾಗ ಎಲ್ಲ ಕಡೆ ತಲುಪಲಿಲ್ಲ, ಅಷ್ಟೇ. ಈಗ ಹಗಲು ಬಾಯಿ ತೆರೆದಿರುತ್ತದೆ.

ಬ್ಲೂಬೆರಿ ನನ್ನ ಅಹಂಕಾರ ಇಳಿಸಿದ ಬೆಳೆ. ಅದಕ್ಕೆ ಹುಳಿ ಮಣ್ಣು ಬೇಕು, ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.5ರಿಂದ 5.5ರ ನಡುವೆ. ಅಮೆರಿಕದ ಕೃಷಿ ಇಲಾಖೆಯ ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್ ಅದಕ್ಕೆ ಹುಳಿ ಮಣ್ಣೇ ಬೇಕೆಂಬುದನ್ನು 1910ರಲ್ಲೇ ಪ್ರಕಟಿಸಿದ್ದರು. ಅಲ್ಲಿಯವರೆಗೆ ಕಾಡಿನಲ್ಲಿ ಸೊಗಸಾಗಿ ಬೆಳೆಯುವ ಗಿಡ ಹೊಲದಲ್ಲಿ ಯಾಕೆ ಸಾಯುತ್ತದೆ ಎಂಬುದೇ ಒಗಟಾಗಿತ್ತು. ನಾನೂ ಓದಿಕೊಂಡು ದೊಡ್ಡ ತೊಟ್ಟಿಗಳಿಗೆ ಪೈನ್ ತೊಗಟೆ ತುಂಬಿ, ಗಂಧಕ ಬೆರೆಸಿ, ತಿಂಗಳುಗಟ್ಟಲೆ ಕಾದೆ. ಗಂಧಕವನ್ನು ಹುಳಿಯಾಗಿಸುವುದು ಮಣ್ಣಿನ ಬ್ಯಾಕ್ಟೀರಿಯಾಗಳು, ಅವಕ್ಕೆ ಅವಸರವಿಲ್ಲ. ಜೌಗು ನೆಲದಿಂದ ಅಗೆದು ತೆಗೆಯುವ ಪೀಟ್ ಬಳಸಲಿಲ್ಲ. ಸಾವಿರಾರು ವರ್ಷಗಳಲ್ಲಿ ಕೂಡಿದ ಜೌಗು ನೆಲವನ್ನು ಅಗೆದು ತೊಟ್ಟಿ ತುಂಬುವುದು ನನಗೆ ಸರಿಕಾಣಲಿಲ್ಲ. ಪಿಎಚ್ 4.8 ಬಂದಾಗ ನೆಟ್ಟೆ. ಗಿಡ ಚಿಗುರಿತು, ನಾನು ಬೀಗಿದೆ.

ವರ್ಷ ತುಂಬುವಷ್ಟರಲ್ಲಿ ಎಳೆಯ ಎಲೆ ಹಳದಿ, ನರ ಮಾತ್ರ ಹಸಿರು. ಕಬ್ಬಿಣದ ಕೊರತೆಯ ಗುರುತು ಅದು. ಕಬ್ಬಿಣ ಕೊಟ್ಟೆ, ವಾರ ಸುಧಾರಿಸಿತು, ಮತ್ತೆ ಅದೇ. ತೊಟ್ಟಿಯ ಪಿಎಚ್ ಅಳೆದರೆ 6.5. ಯಾರು ಏರಿಸಿದರು? ನಾನೇ, ದಿನಾ ಕೊಡ ಹಿಡಿದು. ನನ್ನ ಬಾವಿಯ ನೀರು ಗಡಸು, ಅದರಲ್ಲಿ ಬೈಕಾರ್ಬೊನೇಟ್ ಹೆಚ್ಚು. ಹಾಕಿದ ಪ್ರತಿ ಕೊಡವೂ ಹುಳಿಯನ್ನು ಸ್ವಲ್ಪ ಸ್ವಲ್ಪ ತಟಸ್ಥಗೊಳಿಸುತ್ತಿತ್ತು. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಎಟುಕುತ್ತಿರಲಿಲ್ಲ. ಮಣ್ಣು ಪರೀಕ್ಷಿಸಿದವನಿಗೆ ನೀರು ಪರೀಕ್ಷಿಸಬೇಕೆಂದು ಹೊಳೆದೇ ಇರಲಿಲ್ಲ. ಈಗ ಚಾವಣಿಯ ಮಳೆನೀರು ಹಿಡಿದಿಡುತ್ತೇನೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 100 ಚದರ ಮೀಟರ್ ಚಾವಣಿಗೆ 10 ಮಿಲಿಮೀಟರ್ ಸುರಿದರೆ 1000 ಲೀಟರ್. ಈ ನೀರು ಬ್ಲೂಬೆರಿಗೆ ಬಿಟ್ಟು ಇನ್ನಾವುದಕ್ಕೂ ಇಲ್ಲ. ಹನ್ನೆರಡು ತೊಟ್ಟಿ ಇದ್ದದ್ದು ನಾಲ್ಕಾಗಿದೆ. ನೀರು ಸಾಲುವುದು ಅಷ್ಟಕ್ಕೇ.

ರಾಸ್ಪ್‌ಬೆರಿಯಲ್ಲಿ ಮಾಡಿದ ಎಡವಟ್ಟನ್ನು ಎರಡೇ ಮಾತಿನಲ್ಲಿ ಹೇಳಿಬಿಡಬಹುದು. ಅಂದವಾಗಿರಲಿ ಎಂದು ಎಲ್ಲ ಕೋಲನ್ನೂ ನೆಲಮಟ್ಟಕ್ಕೆ ಸವರಿದೆ. ನನ್ನ ತಳಿಯಲ್ಲಿ ಈ ವರ್ಷ ಬೆಳೆದ ಕೋಲು ಮುಂದಿನ ವರ್ಷ ಹಣ್ಣು ಬಿಡುತ್ತದೆ, ಹಾಗಾಗಿ ಒಂದು ವರ್ಷ ಬರೀ ಎಲೆ ನೋಡಿಕೊಂಡಿದ್ದೆ.

ಈ ಮೃದು ಹಣ್ಣುಗಳಿಗೆಲ್ಲ ಸಾಮಾನ್ಯ ಶತ್ರು ರೆಕ್ಕೆಯಲ್ಲಿ ಚುಕ್ಕೆಯಿರುವ ಡ್ರೊಸೊಫಿಲಾ ನೊಣ. ಏಷ್ಯಾ ಮೂಲದ್ದು, 2008ರಲ್ಲಿ ಯುರೋಪ್, ಅಮೆರಿಕದ ಮುಖ್ಯಭೂಮಿ ಎರಡೂ ಕಡೆ ಕಾಣಿಸಿಕೊಂಡಿತು. ಉಳಿದ ಹಣ್ಣುನೊಣಗಳು ಕೊಳೆತದ್ದನ್ನು ಹುಡುಕಿದರೆ, ಇದರ ಹೆಣ್ಣಿಗೆ ಗರಗಸದಂಥ ಅಂಗವಿದೆ. ಆಗಷ್ಟೇ ಬಣ್ಣ ತಿರುಗುತ್ತಿರುವ ಹಣ್ಣಿನ ಸಿಪ್ಪೆ ಕೊರೆದು ಮೊಟ್ಟೆಯಿಡುತ್ತದೆ. ಹೊರಗೆ ಏನೂ ಗೊತ್ತಾಗದು. ಒಂದು ಬಟ್ಟಲು ಉಪ್ಪುನೀರಿಗೆ ಹತ್ತು ಹಣ್ಣು ಹಾಕಿ ಕಾಲು ಗಂಟೆ ಬಿಡಿ, ಬಿಳಿ ಎಳೆಯಂಥ ಹುಳುಗಳು ಮೇಲೆ ತೇಲುತ್ತವೆ. ಮೊದಲ ಸಲ ನೋಡಿದ ದಿನ ನಾನು ಹಣ್ಣು ತಿನ್ನಲಿಲ್ಲ.

ಇದಕ್ಕೂ ಔಷಧಿಯ ದಾರಿ ಹಿಡಿಯಲಿಲ್ಲ. ಕೊಯ್ಲು ಹತ್ತಿರ ಬಂದಾಗ ಹೊಡೆದರೆ ಅದು ತಿನ್ನುವವರ ಬಾಯಿಗೇ. ಎರಡು ದಿನಕ್ಕೊಮ್ಮೆ ಕೊಯ್ಯುತ್ತೇನೆ, ಮಾಗಿದ್ದೊಂದನ್ನೂ ಗಿಡದಲ್ಲಿ ಬಿಡುವುದಿಲ್ಲ. ಉದುರಿದ ಹಣ್ಣನ್ನು ಕಾಂಪೋಸ್ಟಿಗೆ ಹಾಕದೆ ಪಾರದರ್ಶಕ ಚೀಲದಲ್ಲಿ ಕಟ್ಟಿ ಬಿಸಿಲಿಗಿಡುತ್ತೇನೆ, ಹುಳು ಬೆಂದು ಸಾಯುತ್ತವೆ. ಬೂದು ಬೂಷ್ಟು ಹಿಡಿದ ಹಣ್ಣಿಗೆ ಇನ್ನೊಂದು ಬಕೆಟ್ಟು, ಅದನ್ನು ಮುಟ್ಟಿದ ಕೈಯಲ್ಲಿ ಒಳ್ಳೆಯ ಹಣ್ಣು ಮುಟ್ಟುವುದಿಲ್ಲ. ಬೆರಳು ತಾಗಿದರೆ ಸಾಕು ಹೊಗೆಯಂತೆ ಬೀಜಕ ಏಳುತ್ತದೆ.

ಭೂತಗನ್ನಡಿ ಈಗ ನನ್ನ ಕೊರಳಿನಲ್ಲೇ ನೇತಾಡುತ್ತದೆ. ಪ್ರತಿ ಮಡಿಯಿಂದ ಹತ್ತು ಎಲೆ ಮಗುಚುತ್ತೇನೆ. ಇಂದು ಬೆಳಿಗ್ಗೆ ಮೂರನೆಯ ಮಡಿಯಲ್ಲಿ ಬಲೆ ಕಂಡಿತು, ಎದೆ ಧಸಕ್ಕೆಂದಿತು. ಆರನೆಯ ಎಲೆಯಲ್ಲಿ ಕಿತ್ತಳೆ ಬಣ್ಣದ್ದೊಂದು ಗಾಜಿನ ಮಣಿಗೆ ಬಾಯಿ ಹಾಕಿ ಕೂತಿತ್ತು. ಎಲೆಯನ್ನು ಇದ್ದಂತೆ ಬಿಟ್ಟೆ. ಆ ಮಡಿಗೆ ಇನ್ನೊಂದು ವಾರ ಡ್ರಿಪ್ಪಿನ ನೀರು ಮಾತ್ರ.