ಗುಡ್ಡದ ಕಾಲುದಾರಿಗೆ ಕೈಕಂಬ: ತಿರುಗದಂತೆ ನೆಡುವುದು ಹೇಗೆ

ಗಂಗಾವತಿ ಕಡೆಯ ಗುಡ್ಡಗಳಲ್ಲಿ ಕುರಿ ಹೋಗುವ ದಾರಿ ಯಾವುದು, ಜನ ಹೋಗುವ ದಾರಿ ಯಾವುದು ಎಂದು ಹೊಸಬರಿಗೆ ತಿಳಿಯುವುದಿಲ್ಲ. ದಾರಿ ತೋರುವ ಕೈಕಂಬವೇ ಇಲ್ಲದಿದ್ದರೆ ಕುರಿಗಾಹಿಯನ್ನಾದರೂ ಕೇಳಿಕೊಂಡು ಹೋಗುತ್ತಾರೆ. ತಪ್ಪು ಕಡೆ ತಿರುಗಿ ನಿಂತ ಕೈಕಂಬವನ್ನು ನಂಬಿ ನಡೆದೇಬಿಡುತ್ತಾರೆ. ನೀರಿಲ್ಲದ, ಸಂಜೆಯಾದರೆ ಕರಡಿ ಓಡಾಡುವ ಗುಡ್ಡದಲ್ಲಿ ಅದು ಸಣ್ಣ ತಪ್ಪಲ್ಲ.

ದಾರಿ ಕವಲೊಡೆಯುವಲ್ಲೇ ನೆಡಿ. ಹತ್ತು ಹೆಜ್ಜೆ ಹಿಂದಿದ್ದರೂ ಬಾಣ ಯಾವ ಕವಲಿನದು ಎಂಬ ಗೊಂದಲ ಹುಟ್ಟುತ್ತದೆ. ನೆಡುವ ಮೊದಲು ಮೂರೂ ದಿಕ್ಕಿನಿಂದ ನಡೆದು ಬಂದು ನೋಡಿ. ಇಳಿಯುವವರ ಕಣ್ಣಿಗೂ ಬೀಳಬೇಕು.

ಹಿರೇಬೆಣಕಲ್‌ನ ಮೋರ್ಯರ ಗುಡ್ಡದಂಥ, ಪುರಾತನ ಕಲ್ಲುಗೋರಿಗಳಿರುವ ಕಡೆ ಗುದ್ದಲಿ ಎತ್ತುವ ಮೊದಲು ಅನುಮತಿ ಬೇಕು. ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಬಂಡೆಯ ಮೇಲೆ ಬಣ್ಣದ ಬಾಣ ಎಲ್ಲಿಯೂ ಬೇಡ. ಇತಿಹಾಸಪೂರ್ವ ಕಾಲದ ಚಿತ್ರಗಳಿರುವ ಕಲ್ಲುಗಳಿವು.

ಕಂಬಕ್ಕೆ 2 ಇಂಚಿನ, 8 ಅಡಿ ಉದ್ದದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಒಳ್ಳೆಯದು. ಕಟ್ಟಿಗೆಯಾದರೆ ಗೆದ್ದಲು ಬಿಡುವುದಿಲ್ಲ. ಪೈಪಿನ ಬುಡದಿಂದ 4 ಇಂಚು ಮೇಲೆ 8 ಇಂಚಿನ ಸರಳನ್ನು ಅಡ್ಡಲಾಗಿ ವೆಲ್ಡ್ ಮಾಡಿಸಿ. ಈ ಸರಳಿಲ್ಲದಿದ್ದರೆ ಎಮ್ಮೆ ಮೈ ಉಜ್ಜಿದಾಗ ಕಾಂಕ್ರೀಟಿನೊಳಗೇ ಪೈಪು ತಿರುಗುತ್ತದೆ. ಮೇಲಿನ ಬಾಯಿಗೆ ಮುಚ್ಚಳ ಹಾಕಿ, ಇಲ್ಲವಾದರೆ ಮಳೆನೀರು ಇಳಿದು ಒಳಗಿನಿಂದ ತುಕ್ಕು ಹಿಡಿಯುತ್ತದೆ.

ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ಒಂದಡಿ ಅಗಲ, ಎರಡೂವರೆ ಅಡಿ ಆಳದ ಗುಂಡಿ ಸಾಕು. ತಳಕ್ಕೆ 3 ಇಂಚು ಕಡಿ (ಜಲ್ಲಿಕಲ್ಲು), ಮೇಲೆ ಸಿಮೆಂಟು, ಮರಳು, ಕಡಿ 1:2:4 ಬೆರೆಸಿದ ಕಾಂಕ್ರೀಟ್. ಕಂಬಕ್ಕೆ ಅರ್ಧ ಚೀಲ ಸಿಮೆಂಟು ಹಿಡಿಯುತ್ತದೆ. ಎರೆ (ಕಪ್ಪು ಮಣ್ಣಿನ) ಭೂಮಿಯ ಮಾತೇ ಬೇರೆ: ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು ಕಂಬವನ್ನು ವಾಲಿಸುತ್ತದೆ. ಅಲ್ಲಿ 9 ಅಡಿ ಪೈಪು, ಮೂರೂವರೆ ಅಡಿ ಆಳ. ಕಾಂಕ್ರೀಟಿನ ಸುತ್ತ ಗರಸು ತುಂಬಿ ದಮ್ಮಸು ಮಾಡಿ, ತೆಗೆದ ಎರೆಮಣ್ಣನ್ನು ಮತ್ತೆ ಹಾಕಬೇಡಿ. ಏಳು ದಿನ ಒದ್ದೆ ಗೋಣಿಚೀಲ ಸುತ್ತಿಟ್ಟು, ಆಮೇಲಷ್ಟೇ ಹಲಗೆ ಕಟ್ಟಿ.

ಹಲಗೆ ಒಂದೂವರೆ ಅಡಿಗಿಂತ ಉದ್ದ ಬೇಡ, ಕೋತಿಗಳು ಜೋತಾಡುತ್ತವೆ. ಬರೀ ಕ್ಲ್ಯಾಂಪು ಪೈಪಿನ ಸುತ್ತ ಜಾರುತ್ತದೆ. ಒಂದೇ ಬೋಲ್ಟಿದ್ದರೆ ಬಾಣದ ಮೂತಿ ನೆಲಕ್ಕೆ ಬಾಗುತ್ತದೆ. ಪೈಪಿಗೆ ಆರಪಾರ ತೂತು ಕೊರೆದು 10 ಎಂಎಂನ ಎರಡು ಬೋಲ್ಟು ಹಾಕಿ, ನಟ್ಟು ಬಿಗಿದ ಮೇಲೆ ಬೋಲ್ಟಿನ ತುದಿಯನ್ನು ಸುತ್ತಿಗೆಯಿಂದ ಜಜ್ಜಿ. ಆಗ ಯಾರೂ ಬಿಚ್ಚಿ ಒಯ್ಯಲಾರರು.

ಅಕ್ಷರದ ಎತ್ತರ 2 ಇಂಚು, ಹಳದಿ ಮೇಲೆ ಕಪ್ಪು. ಕೆಂಪು ಈ ಬಿಸಿಲಿಗೆ ಬೇಗ ಮಾಸುತ್ತದೆ. ‘ಗುಡ್ಡ’ ಎಂದು ಬರೆದಾಗ ಡ-ದ ಒತ್ತಿನ ಹೊಟ್ಟೆಯೊಳಗೆ ಬಣ್ಣ ತುಂಬಿಕೊಂಡು ಬರೀ ಮಚ್ಚೆಯಾಗಿ ಕಾಣುತ್ತದೆ, ಅದಕ್ಕೇ ಒತ್ತನ್ನು ತುಸು ದೊಡ್ಡದಾಗಿ, ಸಣ್ಣ ಕುಂಚದಲ್ಲಿ ಬರೆಸಿ. ಸಾಲುಗಳ ನಡುವೆ ಒಂದು ಅಕ್ಷರದಷ್ಟು ಜಾಗ ಬಿಡಿ.

ಕಾರಹುಣ್ಣಿಮೆಗೆ ಮುಂಚೆ ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ ಸುತ್ತು ಹಾಕಿ. ಎರಡನೆಯ ಸಲ ಹೋಗುವಾಗ ಕುಡಗೋಲು ಬೇಕು, ಆಗ ಹುಲ್ಲು ಎದೆಯೆತ್ತರ ಇರುತ್ತದೆ. ಪ್ರತಿ ಕಂಬವನ್ನೂ ಎರಡೂ ಕೈಯಲ್ಲಿ ಹಿಡಿದು ತಿರುಚಿ ನೋಡಿ. ಅಲುಗಿದರೆ ಅಂದೇ ಬೋಲ್ಟು ಗರಗಸದಿಂದ ಕೊಯ್ದು ಹಲಗೆ ಕೆಳಗಿಳಿಸಿ. ಕಂಬದ ರಿಪೇರಿ ಇನ್ನೊಂದು ದಿನಕ್ಕಾದರೂ ನಡೆಯುತ್ತದೆ.