ಓಡುವ ಪ್ರೋಗ್ರಾಂ ಸಾಲದು: ಕಲಬುರಗಿಯ ಒಂದು ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್

ಕಲಬುರಗಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತೇನೆ. ಮೂರನೇ ಸೆಮಿಸ್ಟರ್‌ನ ಡೇಟಾ ಸ್ಟ್ರಕ್ಚರ್ಸ್ (ಮಾಹಿತಿಯನ್ನು ಮೆಮೊರಿಯಲ್ಲಿ ಜೋಡಿಸಿಡುವ ರೀತಿಗಳು) ಲ್ಯಾಬ್ ಕೆಲವು ವರ್ಷಗಳಿಂದ ನನ್ನ ಪಾಲಿಗಿದೆ. ನಮ್ಮಲ್ಲಿ ಶಿಕ್ಷಣ ಸುಧಾರಣೆ ಅಂದ ಕೂಡಲೇ ಹೊಸ ಸಿಲಬಸ್, ಹೊಸ ಕೋರ್ಸ್, ಎರಡು ದಿನದ ಎಐ ವರ್ಕ್‌ಶಾಪ್ ಮಾತಿಗೆ ಬರುತ್ತವೆ. ಆದರೆ ಸಿಲಬಸ್ ನಮ್ಮ ಕೈಯಲ್ಲಿಲ್ಲ. ಅದು ಬೆಳಗಾವಿಯಿಂದ, ವಿಟಿಯುನಿಂದ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಬರುತ್ತದೆ. ಪ್ರಶ್ನೆಪತ್ರಿಕೆಯೂ ಅಲ್ಲಿಂದಲೇ. ಪಾಠ ಮಾಡುವವರ ಕೈಗೆ ಉಳಿಯುವುದು ವಾರಕ್ಕೊಂದು ಲ್ಯಾಬ್ ಅವಧಿ ಮತ್ತು ಸಿಐಇ, ಅಂದರೆ ಕಾಲೇಜಿನೊಳಗಿನ ನಿರಂತರ ಮೌಲ್ಯಮಾಪನದ ಅಂಕ. ಅಷ್ಟು ಜಾಗದಲ್ಲಿ ಏನು ಮಾಡಬಹುದು ಅಂತ ನೋಡಿದೆ. ಸಾಕಷ್ಟು ಮಾಡಬಹುದು.

2022ರ ಸ್ಕೀಮ್‌ನಲ್ಲಿ ಈ ಲ್ಯಾಬಿಗೆ 12 ಪ್ರೋಗ್ರಾಂಗಳಿವೆ. ವಾರದ ಏಳು ದಿನಗಳ ಕ್ಯಾಲೆಂಡರ್‌ನಿಂದ ಶುರುವಾಗಿ ಸ್ಟ್ಯಾಕ್, ಸರ್ಕ್ಯುಲರ್ ಕ್ಯೂ, ಲಿಂಕ್ಡ್ ಲಿಸ್ಟ್, ಟ್ರೀ, ಗ್ರಾಫ್ ದಾಟಿ ಹ್ಯಾಶಿಂಗ್‌ಗೆ ಮುಗಿಯುತ್ತದೆ. ಪಟ್ಟಿ ಚೆನ್ನಾಗಿಯೇ ಇದೆ. ತೊಂದರೆ ಅಂದರೆ ಪಟ್ಟಿಯಲ್ಲಿ ಏನಿದೆ ಅಂತ ಎಲ್ಲರಿಗೂ ಗೊತ್ತು. ಸೀನಿಯರ್‌ಗಳ ರೆಕಾರ್ಡ್ ಜೆರಾಕ್ಸ್ ಅಂಗಡಿಯಲ್ಲಿ ಸಿಗುತ್ತದೆ. ಮಕ್ಕಳು ಪ್ರೋಗ್ರಾಂಗಳನ್ನು ನಂಬರ್‌ನಿಂದ ಕರೆಯುತ್ತಾರೆ. "ಏಳನೇದು ಬಾಯಿಪಾಠ ಆಗ್ಯದ್ರಿ ಮೇಡಂ, ಎಂಟನೇದು ಉಳದದ" ಅನ್ನುತ್ತಾರೆ. ಎರಡೂ ಲಿಂಕ್ಡ್ ಲಿಸ್ಟೇ, ಅಂದರೆ ನೋಡ್ ಅನ್ನುವ ಪೆಟ್ಟಿಗೆಗಳ ಸರಪಳಿ. ಒಂದರಲ್ಲಿ ಪ್ರತಿ ನೋಡಿಗೆ ಮುಂದಿನದು ಎಲ್ಲಿದೆ ಅಂತ ತೋರಿಸುವ ಒಂದು ಪಾಯಿಂಟರ್, ಇನ್ನೊಂದರಲ್ಲಿ ಹಿಂದಿನದಕ್ಕೂ ಸೇರಿ ಎರಡು. ಅದು ಗೊತ್ತಿದ್ದರೆ ಎಂಟನೆಯದನ್ನು ಬಾಯಿಪಾಠ ಮಾಡುವ ಕೆಲಸವೇ ಇಲ್ಲ, ಅಲ್ವಾ?

2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಬಾಯಿಪಾಠದ ಕಷ್ಟವೂ ತಪ್ಪಿತು. ಔಟ್‌ಪುಟ್ ಬರುತ್ತದೆ, ಸ್ಕ್ರೀನ್ ತುಂಬ ಮೆನು ಬರುತ್ತದೆ. "ಈ ಎರಡು ಸಾಲು ಅದಲು ಬದಲು ಮಾಡಿದರೆ ಏನಾಗುತ್ತದೆ?" ಅಂದರೆ ಉತ್ತರ ಬರುವುದಿಲ್ಲ. ಹಾಗಾಗಿ ಲ್ಯಾಬಿಗೆ ಒಂದೇ ನಿಯಮ ಇಟ್ಟೆ. ಪ್ರೋಗ್ರಾಂ ಓಡಿದರೆ ಅರ್ಧ ಕೆಲಸ. ನಾನು ಒಂದು ಸಾಲು ಬದಲಿಸಿದಾಗ ಏನಾಗುತ್ತದೆ ಅಂತ ಓಡಿಸುವ ಮೊದಲೇ ಹೇಳಿದರೆ ಉಳಿದರ್ಧ. ಮಾರ್ಕ್ಸ್‌ಗೆ ಬೇರೆ ಅನುಮತಿ ಬೇಕಾಗಲಿಲ್ಲ. ಸಿಐಇ 50ರಲ್ಲಿ 30 ಅಂಕ ವಾರವಾರದ ಪ್ರಯೋಗ ಮತ್ತು ರೆಕಾರ್ಡಿಗೆ, 20 ಟೆಸ್ಟಿಗೆ. ಆ 30ರೊಳಗೇ ಇದನ್ನು ಸೇರಿಸಿದೆ.

ಮೊದಲು ಬದಲಾದದ್ದು ಕಂಪೈಲರ್, ಅಂದರೆ ಬರೆದ ಪ್ರೋಗ್ರಾಂ ಅನ್ನು ಮಷಿನ್ ಓಡಿಸುವ ರೂಪಕ್ಕೆ ತರುವ ಸಾಫ್ಟ್‌ವೇರ್. ಟರ್ಬೊ ಸಿ ಅನ್ನುವ ಡಾಸ್ ಕಾಲದ ಕಂಪೈಲರ್ ಇನ್ನೂ ಹಲವು ಕಡೆ ಬದುಕಿದೆ. ವಿಂಡೋಸ್ ಮೇಲೆ ಡಾಸ್‌ಬಾಕ್ಸ್, ಅದರೊಳಗೆ ಆ ನೀಲಿ ಪರದೆ. ಹಳೆಯದು ಅನ್ನುವುದು ನನ್ನ ತಕರಾರಲ್ಲ. ಅದು ತಪ್ಪನ್ನು ಮುಚ್ಚಿಡುತ್ತದೆ ಅನ್ನುವುದು ತಕರಾರು. ನಲ್ ಪಾಯಿಂಟರ್ (ಎಲ್ಲಿಗೂ ತೋರಿಸದ ಪಾಯಿಂಟರ್) ಮೂಲಕ ಏನಾದರೂ ಬರೆದರೆ ಪ್ರೋಗ್ರಾಂ ಆರಾಮಾಗಿ ಮುಂದೆ ಹೋಗುತ್ತದೆ. ಎಲ್ಲಾ ಮುಗಿದ ಮೇಲೆ "ನಲ್ ಪಾಯಿಂಟರ್ ಅಸೈನ್‌ಮೆಂಟ್" ಅಂತ ಒಂದು ಸಾಲು ತೋರಿಸಿ ಸುಮ್ಮನಾಗುತ್ತದೆ. ಅದನ್ನು ಯಾರೂ ಓದುವುದಿಲ್ಲ. ಲಿನಕ್ಸ್‌ನಲ್ಲಿ ಅದೇ ಸಾಲಿಗೆ ಸೆಗ್ಮೆಂಟೇಶನ್ ಫಾಲ್ಟ್ ಬಂದು ಪ್ರೋಗ್ರಾಂ ಅಲ್ಲೇ ಸಾಯುತ್ತದೆ. ಕಲಿಯುವವರಿಗೆ ಬೇಕಾದದ್ದು ಇದೇ.

ಎಲ್ಲಾ ಮಷಿನ್‌ಗೂ ಲಿನಕ್ಸ್ ಮತ್ತು ಜಿಸಿಸಿ ಕಂಪೈಲರ್ ಹಾಕಿದೆವು. ಎಲ್ಲ ವಾರ್ನಿಂಗ್ ತೋರಿಸುವ ಆಯ್ಕೆ ಮತ್ತು ಅಡ್ರೆಸ್ ಸ್ಯಾನಿಟೈಜರ್ (ಮೆಮೊರಿಯ ತಪ್ಪು ಬಳಕೆಯನ್ನು ಹಿಡಿಯುವ ಸೌಲಭ್ಯ) ಯಾವಾಗಲೂ ಆನ್. ಈ ಸ್ಯಾನಿಟೈಜರ್ ಜಿಸಿಸಿಯಲ್ಲಿ 2013ರಿಂದ ಇದೆ, ಪುಕ್ಕಟೆ. ಆದರೂ ನಮ್ಮ ಕಡೆ ಲ್ಯಾಬ್‌ಗಳಲ್ಲಿ ಬಳಕೆ ಕಡಿಮೆ. ಹಾಕಿದ ಮೊದಲ ವಾರ ಗಲಾಟೆಯೋ ಗಲಾಟೆ. "ಇದೇ ಪ್ರೋಗ್ರಾಂ ಹೋದ ವರ್ಷ ಎಲ್ಲಾರ್ದೂ ರನ್ ಆಗ್ಯದ್ರಿ ಮೇಡಂ, ನಮಗಷ್ಟೇ ಯಾಕ ಎರರ್ ಬರ್ಲಾಕತ್ತದ?" ಅಂದರು. ಪ್ರೋಗ್ರಾಂ ನೋಡಿದರೆ, ಲಿಸ್ಟನ್ನು ಅಳಿಸುವ ಲೂಪ್‌ನಲ್ಲಿ ಮೊದಲು ನೋಡ್ ಅನ್ನು ಫ್ರೀ ಮಾಡಿ, ಅಂದರೆ ಅದರ ಮೆಮೊರಿ ಬಿಟ್ಟುಕೊಟ್ಟು, ಆಮೇಲೆ ಅದೇ ನೋಡ್‌ನ ನೆಕ್ಸ್ಟ್ (ಮುಂದಿನದಕ್ಕೆ ಹೋಗುವ ಪಾಯಿಂಟರ್) ಓದುತ್ತಿದ್ದರು. ಫ್ರೀ ಮಾಡಿದ ಮೆಮೊರಿಯಲ್ಲಿ ಹಳೆಯ ಬೆಲೆ ಇನ್ನೂ ಕೂತಿದ್ದರೆ ಓಡುತ್ತದೆ. ಅದೃಷ್ಟ, ಅಷ್ಟೆ. ಜೆರಾಕ್ಸ್ ಮೇಲೆ ಜೆರಾಕ್ಸ್ ಆಗಿ ಆ ತಪ್ಪು ಬ್ಯಾಚಿನಿಂದ ಬ್ಯಾಚಿಗೆ ಬಂದಿತ್ತು. ಸ್ಯಾನಿಟೈಜರ್ ಮೂರು ವಿಷಯ ಹೇಳುತ್ತದೆ: ಯಾವ ಸಾಲಿನಲ್ಲಿ ತಪ್ಪಾಗಿ ಓದಿದಿರಿ, ಆ ಮೆಮೊರಿಯನ್ನು ಯಾವ ಸಾಲಿನಲ್ಲಿ ಫ್ರೀ ಮಾಡಿದಿರಿ, ಯಾವ ಸಾಲಿನಲ್ಲಿ ಪಡೆದಿರಿ. ಈ ಮೂರು ಸಾಲನ್ನು ಓದಿ ವಿವರಿಸುವುದೇ ಆ ವಾರದ ವೈವಾ ಆಯಿತು.

ಇಂಟಿಜರ್ ವಿಷಯವನ್ನೂ ಹೀಗೇ ತೋರಿಸುತ್ತೇನೆ. ಟರ್ಬೊ ಸಿಯಲ್ಲಿ ಇಂಟ್ (ಪೂರ್ಣಾಂಕ ಇಡುವ ಜಾಗ) ಎರಡೇ ಬೈಟ್, ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ. 7ರ ಫ್ಯಾಕ್ಟೋರಿಯಲ್ 5040 ಸರಿ ಬರುತ್ತದೆ, 8ಕ್ಕೆ 40320 ಬದಲು ಮೈನಸ್ 25216 ಬರುತ್ತದೆ. ಮೈನಸ್ ನೋಡಿದ ಕೂಡಲೇ ತಪ್ಪು ಅಂತ ಯಾರಾದರೂ ಹೇಳುತ್ತಾರೆ. ಜಿಸಿಸಿಯಲ್ಲಿ ಇಂಟ್ ನಾಲ್ಕು ಬೈಟ್, 12ರವರೆಗೂ ಸರಿ. 13ಕ್ಕೆ ಬರುವುದು 1932053504. ಪ್ಲಸ್ ಸಂಖ್ಯೆ, ನೋಡಲು ದೊಡ್ಡದೇ. ಯಾರಿಗೂ ಅನುಮಾನ ಬರುವುದಿಲ್ಲ. 12ರ ಬೆಲೆಯನ್ನು 13ರಿಂದ ಕೈಯಲ್ಲೇ ಗುಣಿಸಿ ನೋಡಿ ಅಂತ ಕೂರಿಸುತ್ತೇನೆ. ಔಟ್‌ಪುಟ್ ಬಂತು ಅನ್ನುವುದಕ್ಕೂ ಉತ್ತರ ಸರಿ ಅನ್ನುವುದಕ್ಕೂ ಇರುವ ದೂರ ಆಗ ಕಾಣುತ್ತದೆ.

ಎರಡನೆಯ ಬದಲಾವಣೆ ಕಾಗದ. ಲ್ಯಾಬಿಗೆ ಬಂದವರು ನೇರವಾಗಿ ಕೀಬೋರ್ಡ್ ಮುಟ್ಟುವಂತಿಲ್ಲ. ಮೊದಲು ಮೆಮೊರಿಯ ಚಿತ್ರ ಬರೆಯಬೇಕು: ಪೆಟ್ಟಿಗೆಗಳು, ಬಾಣಗಳು, ಪ್ರತಿ ಸಾಲು ಮುಗಿದ ಮೇಲೆ ಯಾವ ಬಾಣ ಎಲ್ಲಿಗೆ ತಿರುಗಿತು. ಡಬ್ಲಿ ಲಿಂಕ್ಡ್ ಲಿಸ್ಟ್‌ನ ನಡುವೆ ನೋಡ್ ಸೇರಿಸುವುದು ಇದಕ್ಕೆ ಒಳ್ಳೆಯ ಜಾಗ. ನಾಲ್ಕು ಪಾಯಿಂಟರ್ ಬದಲಾಗಬೇಕು, ಕ್ರಮ ತಪ್ಪಿದರೆ ಅರ್ಧ ಲಿಸ್ಟ್ ಕೈ ಬಿಟ್ಟು ಹೋಗುತ್ತದೆ. ಪ್ರೋಗ್ರಾಂ ಸಾಲುಗಳನ್ನು ಕಾಗದದ ಪಟ್ಟಿಗಳಾಗಿ ಕತ್ತರಿಸಿ, ಕಲಸಿ ಕೊಡುತ್ತೇನೆ. ಜೋಡಿಯಾಗಿ ಕೂತು ಸರಿಯಾದ ಕ್ರಮಕ್ಕೆ ಜೋಡಿಸಬೇಕು. ಇದು ನನ್ನ ಯೋಚನೆ ಅಲ್ಲ. ನ್ಯೂಜಿಲೆಂಡ್‌ನ ಡೇಲ್ ಪಾರ್ಸನ್ಸ್ ಮತ್ತು ಪೆಟ್ರೀಷಿಯಾ ಹೇಡನ್ 2006ರಲ್ಲಿ ಇದರ ಬಗ್ಗೆ ಬರೆದರು, ಈಗ ಪಾರ್ಸನ್ಸ್ ಪ್ರಾಬ್ಲಂ ಅಂತಲೇ ಹೆಸರು. ನನಗೆ ಇದರ ಲಾಭ ಇನ್ನೊಂದು. ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೂ ಲ್ಯಾಬ್ ನಿಲ್ಲುವುದಿಲ್ಲ.

ಒಂದು ಸರಿಯಿಲ್ಲದ ಕಾಗದದ ಪಟ್ಟಿಯನ್ನೂ ಸೇರಿಸಿರುತ್ತೇನೆ. ಅದು ಯಾಕೆ ಬೇಡ ಅಂತ ಹೇಳುವವರಿಗೆ ವಿಷಯ ಗೊತ್ತಾಗಿದೆ ಅಂತ ಲೆಕ್ಕ.

ಮಾತು ಯಾವ ಭಾಷೆಯಲ್ಲಾದರೂ ಇರಲಿ ಅಂತ ಬಿಟ್ಟಿದ್ದೇನೆ. ಆಳಂದ, ಜೇವರ್ಗಿ, ಅಫಜಲಪುರದ ಕಡೆಯಿಂದ ಬರುವ ಹಲವರು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಮನೆಯಲ್ಲಿ ಉರ್ದು ಆಡುವವರಿದ್ದಾರೆ, ಸೇಡಂ ಕಡೆಯ ತೆಲುಗಿನವರಿದ್ದಾರೆ. 2021ರಲ್ಲಿ ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿ ಎಐಸಿಟಿಇ ಕನ್ನಡವೂ ಸೇರಿ ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಅವಕಾಶ ಕೊಟ್ಟಿತು. ಪೂರ್ತಿ ಡಿಗ್ರಿಯ ಮಾತು ಬೇರೆ. ಲ್ಯಾಬಿನಲ್ಲಿ ಪಕ್ಕದವರಿಗೆ ಪಾಯಿಂಟರ್ ವಿವರಿಸಲು ಯಾರ ಅನುಮತಿಯೂ ಬೇಕಿಲ್ಲ. "ಈ ಬಾಣ ಮೊದಲ ಬಿಟ್ಟಿ ಅಂದ್ರ ಹಿಂದಿಂದು ಹೆಂಗ ಸಿಗ್ತದ?" ಅಂತ ಒಬ್ಬ ಇನ್ನೊಬ್ಬನಿಗೆ ಕೇಳಿದರೆ, ನನ್ನ ಅರ್ಧ ಗಂಟೆಯ ಇಂಗ್ಲಿಷ್ ಪಾಠದ ಕೆಲಸ ಮುಗಿದ ಹಾಗೆ. ರೆಕಾರ್ಡ್ ಮತ್ತು ಪರೀಕ್ಷೆ ಇಂಗ್ಲಿಷ್‌ನಲ್ಲಿ. ವಿಷಯ ತಿಳಿದ ಮೇಲೆ ಅದು ಅಂಥ ಕಷ್ಟವಲ್ಲ.

ಜೋಡಿ ಮಾಡುವಾಗ ಒಂದು ಲೆಕ್ಕ ಇಟ್ಟುಕೊಳ್ಳುತ್ತೇನೆ. ಡಿಪ್ಲೊಮಾ ಮುಗಿಸಿದವರು ಲ್ಯಾಟರಲ್ ಎಂಟ್ರಿಯಲ್ಲಿ ನೇರವಾಗಿ ಮೂರನೇ ಸೆಮಿಸ್ಟರ್‌ಗೆ ಬರುತ್ತಾರೆ. ಅಂದರೆ ಅವರು ಕಾಲೇಜಿಗೆ ಕಾಲಿಡುವುದೂ ಡೇಟಾ ಸ್ಟ್ರಕ್ಚರ್ಸ್ ಶುರುವಾಗುವುದೂ ಒಂದೇ ಹೊತ್ತಿಗೆ. ಮಷಿನ್ ಬಿಚ್ಚಿ ಜೋಡಿಸಲು, ಲಿನಕ್ಸ್ ಹಾಕಲು ಇವರು ಮುಂದು. ಪಿಯುಸಿಯಿಂದ ಬಂದವರು ಗಣಿತದಲ್ಲಿ ಮುಂದು. ಇಬ್ಬರನ್ನು ಒಂದು ಮಷಿನ್‌ಗೆ ಕೂರಿಸುತ್ತೇನೆ. ಒಬ್ಬರು ಟೈಪ್ ಮಾಡುವಾಗ ಇನ್ನೊಬ್ಬರು ಬಾಯಲ್ಲಿ ಹೇಳಬೇಕು, ಅರ್ಧದಲ್ಲಿ ಅದಲು ಬದಲು.

ಹನ್ನೊಂದನೇ ಪ್ರೋಗ್ರಾಂ ನನಗೆ ಅತಿ ಇಷ್ಟ. ನಗರಗಳ ಗ್ರಾಫ್ (ಊರುಗಳು ನೋಡ್, ಅವುಗಳ ನಡುವಿನ ದಾರಿಗಳು ಅಂಚು) ಮಾಡಿ, ಒಂದು ನಗರದಿಂದ ಎಲ್ಲೆಲ್ಲಿಗೆ ತಲುಪಬಹುದು ಅಂತ ಡಿಎಫ್‌ಎಸ್ (ಒಂದೇ ದಾರಿಯಲ್ಲಿ ಕೊನೆತನಕ ಹೋಗಿ ಹಿಂದಿರುಗುವುದು) ಅಥವಾ ಬಿಎಫ್‌ಎಸ್ (ಹತ್ತಿರದವನ್ನೆಲ್ಲ ಮುಗಿಸಿ ದೂರಕ್ಕೆ ಹೋಗುವುದು) ಬಳಸಿ ತೋರಿಸಬೇಕು. ಸಾಮಾನ್ಯವಾಗಿ ಮಕ್ಕಳು ಒಂದು, ಎರಡು, ಮೂರು ಅಂತ ನಂಬರ್ ಕೊಟ್ಟು ಮುಗಿಸುತ್ತಾರೆ. ನಾನು ನಮ್ಮ ರೈಲು ನಕ್ಷೆ ಕೊಡುತ್ತೇನೆ: ಕಲಬುರಗಿ, ಶಹಾಬಾದ್, ವಾಡಿ, ವಾಡಿಯಿಂದ ಒಂದು ಕಡೆ ಯಾದಗಿರಿ, ರಾಯಚೂರು. ಇನ್ನೊಂದು ಕಡೆ ಚಿತ್ತಾಪುರ, ಸೇಡಂ, ತಾಂಡೂರು, ವಿಕಾರಾಬಾದ್, ಜಹೀರಾಬಾದ್, ಬೀದರ್. ಕೊನೆಗೆ ಹುಮನಾಬಾದ್. ಒಟ್ಟು 12 ಊರು.

ಮೊದಲ ಸುತ್ತಿನಲ್ಲಿ ಬೀದರ್–ಕಲಬುರಗಿ ಲೈನ್ ಇಲ್ಲದ ನಕ್ಷೆ. ಓಡಿಸಿದರೆ ಹುಮನಾಬಾದ್ ಔಟ್‌ಪುಟ್‌ನಲ್ಲಿ ಬರುವುದಿಲ್ಲ. "ಹುಮನಾಬಾದ್ ಎಲ್ಲಿ ಹೋಯ್ತ್ರಿ?" ಅಂತ ಕೇಳುತ್ತಾರೆ. ತಲುಪಬಹುದಾದ ನೋಡ್ ಅಂದರೆ ಏನು ಅಂತ ಬೇರೆ ಹೇಳಬೇಕಾಗಿಲ್ಲ. ಬೀದರ್ ಬರುತ್ತದೆ, ಆದರೆ ವಾಡಿ, ವಿಕಾರಾಬಾದ್ ಸುತ್ತಿಕೊಂಡು. ಎಂಟು ಹೆಜ್ಜೆ.

ಇಲ್ಲಿ ಕೆಲವು ಜೋಡಿಗಳು ವಿಸಿಟೆಡ್ ಅರೇ, ಅಂದರೆ ಆಗಲೇ ಮುಟ್ಟಿದ ಊರುಗಳ ಗುರುತು, ಇಡುವುದಿಲ್ಲ. "ಬಂದ ದಾರಿಗೆ ವಾಪಸ್ ಹೋಗಬಾರದು" ಅಂತ ಒಂದು ಷರತ್ತು ಮಾತ್ರ ಹಾಕುತ್ತಾರೆ. ನಾನು ತಡೆಯುವುದಿಲ್ಲ. ಈ ನಕ್ಷೆಯಲ್ಲಿ ಹೊರಟಲ್ಲಿಗೇ ಬರುವ ಸುತ್ತು ಇಲ್ಲ, ಹಾಗಾಗಿ ಅದು ಸರಿಯಾಗೇ ಓಡುತ್ತದೆ. ಎರಡನೇ ಸುತ್ತಿನಲ್ಲಿ 2017ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಹೊಸ ಲೈನ್ ಸೇರಿಸುತ್ತೇವೆ. ಕಲಬುರಗಿಗೆ ಹುಮನಾಬಾದ್, ಹುಮನಾಬಾದ್‌ಗೆ ಬೀದರ್, ಎರಡೇ ಅಂಚು. ಅದೇ ಪ್ರೋಗ್ರಾಂ ಈಗ ಕಲಬುರಗಿ, ವಾಡಿ, ವಿಕಾರಾಬಾದ್, ಬೀದರ್, ಹುಮನಾಬಾದ್, ಮತ್ತೆ ಕಲಬುರಗಿ ಅಂತ ತಿರುಗುತ್ತಾ, ಸ್ಟ್ಯಾಕ್ ತುಂಬಿ ಬಿದ್ದು ಹೋಗುತ್ತದೆ. ಎಲ್ಲೂ ಹಿಂದಕ್ಕೆ ಹೋಗಿಲ್ಲ, ಆದರೂ ಮುಗಿಯಲಿಲ್ಲ! ವಿಸಿಟೆಡ್ ಅರೇ ಯಾಕೆ ಬೇಕು ಅಂತ ಆಮೇಲೆ ಯಾರೂ ಕೇಳುವುದಿಲ್ಲ.

ಇನ್ನೊಂದು ಮಜಾ ಇದೆ. ಹೊಸ ಲೈನ್ ಸೇರಿದ ಮೇಲೆ ಬಿಎಫ್‌ಎಸ್ ಬೀದರ್‌ಗೆ ಎರಡೇ ಹೆಜ್ಜೆಯಲ್ಲಿ ಹೋಗುತ್ತದೆ. ಡಿಎಫ್‌ಎಸ್ ಮಾತ್ರ, ಯಾವ ಊರಿಗೆ ಯಾವುದು ಸೇರಿದೆ ಅಂತ ಬರೆದ ಮ್ಯಾಟ್ರಿಕ್ಸ್‌ನಲ್ಲಿ ಶಹಾಬಾದ್ ಮೊದಲು ಇದ್ದರೆ, ಇಡೀ ತೆಲಂಗಾಣ ಸುತ್ತಿ ಬಂದು ಪಕ್ಕದ ಹುಮನಾಬಾದನ್ನು ಕೊನೆಯಲ್ಲಿ ಮುಟ್ಟುತ್ತದೆ. ಊರುಗಳ ನಂಬರ್ ಬದಲಿಸಿ, ಓಡಿಸುವ ಮೊದಲೇ ಕ್ರಮ ಬರೆದು ಕೊಡಿ ಅನ್ನುತ್ತೇನೆ. ಈ ಪ್ರಶ್ನೆಯನ್ನು ಜೆರಾಕ್ಸ್ ಅಂಗಡಿಯಿಂದ ತರಲು ಆಗುವುದಿಲ್ಲ.

ಹ್ಯಾಶಿಂಗ್‌ಗೆ ಅವರದೇ ಯುಎಸ್‌ಎನ್ (ವಿಟಿಯುನ ವಿದ್ಯಾರ್ಥಿ ನಂಬರ್) ಬಳಸುತ್ತೇವೆ, ಕೊನೆಯ ಮೂರು ಅಂಕಿ ಕೀ. ಕೀಯನ್ನು ಟೇಬಲ್‌ನ ಗಾತ್ರದಿಂದ ಭಾಗಿಸಿದಾಗ ಉಳಿಯುವ ಶೇಷವೇ ಅದರ ಜಾಗ. ವಿಟಿಯು ಯುಎಸ್‌ಎನ್‌ನಲ್ಲಿ ರೆಗ್ಯುಲರ್‌ನವರಿಗೆ 001ರಿಂದ, ಲ್ಯಾಟರಲ್‌ನವರಿಗೆ 400ರ ಮೇಲಿಂದ ನಂಬರ್. 60 ರೆಗ್ಯುಲರ್, 6 ಲ್ಯಾಟರಲ್ ಅಂತ ಇಟ್ಟುಕೊಳ್ಳಿ. ಟೇಬಲ್ 100 ಆದರೆ 401 ಬಂದು ಬೀಳುವುದು 1ರ ಜಾಗಕ್ಕೆ. ಅಲ್ಲಿ ಆಗಲೇ ಜನ. ಲೀನಿಯರ್ ಪ್ರೋಬಿಂಗ್‌ನಲ್ಲಿ ಒಂದೊಂದೇ ಜಾಗ ದಾಟಿ 61ಕ್ಕೆ ಹೋಗಿ ಕೂರಬೇಕು. 402ರದ್ದೂ ಅದೇ ಪಾಡು. ಪ್ರೈಮ್ ನಂಬರ್ ಹಾಕಿದರೆ ಸರಿ ಹೋಗುತ್ತದೆ ಅಂತ ಪುಸ್ತಕ ಓದಿದವರು 97 ಅನ್ನುತ್ತಾರೆ. ಹಾಕಿ ನೋಡಿದರೆ 401 ಬೀಳುವುದು 13ಕ್ಕೆ, ಇನ್ನೂ 48 ಜಾಗ ನಡೆಯಬೇಕು. 89ಕ್ಕೆ 45ನೇ ಜಾಗ, 16 ಹೆಜ್ಜೆ. 83 ಹಾಕಿದರೆ 69! ಆರೂ ಮಂದಿಗೆ ಖಾಲಿ ಜಾಗ, ಒಂದೂ ಡಿಕ್ಕಿ ಇಲ್ಲ. ಚಿಕ್ಕ ಟೇಬಲ್ ದೊಡ್ಡದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಪ್ರೈಮ್ ಒಂದೇ ಸಾಲದು, ಕೀಗಳು ಹೇಗೆ ಹರಡಿವೆ ಅಂತ ನೋಡಬೇಕು. ಇದನ್ನು ನಾನು ಹೇಳುವುದಿಲ್ಲ. ಲ್ಯಾಟರಲ್‌ನ ಮಕ್ಕಳೇ ತಮ್ಮ ನಂಬರ್‌ಗೋಸ್ಕರ ಕೂತು ಹುಡುಕುತ್ತಾರೆ.

ಪ್ರೋಗ್ರಾಂನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಇಂಟರ್ನೆಟ್ ಇಲ್ಲದೆಯೂ ಗಿಟ್ ನಡೆಯುತ್ತದೆ, ಲ್ಯಾಬಿನ ಒಂದು ಮಷಿನ್‌ನಲ್ಲೇ ಎಲ್ಲರ ರೆಪೊಸಿಟರಿ ಇಟ್ಟಿದ್ದೇವೆ. ಚಿಕ್ಕ ಚಿಕ್ಕ ಕಮಿಟ್ (ಒಂದು ಸಲ ದಾಖಲಿಸಿದ ಬದಲಾವಣೆ) ಇದ್ದರೆ ಪ್ರೋಗ್ರಾಂ ಬೆಳೆದ ದಾರಿ ಕಾಣುತ್ತದೆ. ಒಂದೇ ಕಮಿಟ್‌ನಲ್ಲಿ ಇನ್ನೂರು ಸಾಲು ಬಂದರೆ ಎಲ್ಲಿಂದ ಬಂತು ಅಂತ ನಾನು ಕೇಳುವುದಿಲ್ಲ. ಸುಮ್ನೆ ಒಂದು ಸಾಲು ಬದಲಿಸಿ ಮುಂದೆ ಕೂರುತ್ತೇನೆ. ಎಐನಿಂದ ತಂದು ಅರ್ಥ ಮಾಡಿಕೊಂಡವರು ಹೇಳುತ್ತಾರೆ. ಅವರಿಗೆ ಮಾರ್ಕ್ಸ್ ಕೊಡಲು ನನಗೆ ಬೇಸರವಿಲ್ಲ.

ರೆಕಾರ್ಡನ್ನು ಬಿಡಲು ಆಗುವುದಿಲ್ಲ, ಬೇಕಾದದ್ದೇ. ಆದರೆ ಅದರಲ್ಲಿ ಪ್ರತಿ ಪ್ರೋಗ್ರಾಂಗೂ ಮೆಮೊರಿಯ ಒಂದು ಚಿತ್ರ, ತಾವು ಎದುರಿಸಿದ ಒಂದು ಎರರ್ ಮತ್ತು ಅದರ ಕಾರಣ ಇರಲೇಬೇಕು. ಸಿಒ, ಪಿಒ (ಕೋರ್ಸಿನ ಮತ್ತು ಡಿಗ್ರಿಯ ಕಲಿಕಾ ಫಲಿತಾಂಶಗಳು) ಎಕ್ಸೆಲ್ ತುಂಬುವಾಗಲೂ ಈ ಪುಟಗಳೇ ನನ್ನ ಕೈ ಹಿಡಿಯುತ್ತವೆ. ಆ ಎಕ್ಸೆಲ್ ಬಗ್ಗೆ ಇಷ್ಟು ಸಾಕು.

ಎಸ್‌ಇಇಗೆ, ಅಂದರೆ ಸೆಮಿಸ್ಟರ್ ಕೊನೆಯ ಪರೀಕ್ಷೆಗೆ, ಎಕ್ಸ್‌ಟರ್ನಲ್ (ಹೊರಗಿನ ಪರೀಕ್ಷಕರು) ಬರುತ್ತಾರೆ. ಅವರಿಗೆ ರೈಲು ನಕ್ಷೆ ಬೇಕಿಲ್ಲ, ಪಟ್ಟಿಯಲ್ಲಿರುವ ಪ್ರೋಗ್ರಾಂ ಬೇಕು. ಅದಕ್ಕೆ ಸೆಮಿಸ್ಟರ್‌ನ ಕೊನೆಯಲ್ಲಿ ಪರೀಕ್ಷೆಯ ರೀತಿಯಲ್ಲೇ ಲಾಟ್ ಎತ್ತಿ, ರೈಟ್‌ಅಪ್ ಬರೆಸಿ ಅಭ್ಯಾಸ ಮಾಡಿಸುತ್ತೇನೆ. ಬಾಯಿಪಾಠದವರು ಒಂದು ಸಾಲು ಮರೆತರೆ ಅಲ್ಲೇ ನಿಲ್ಲುತ್ತಾರೆ. ಚಿತ್ರ ಬರೆದು ಕಲಿತವರು ಹಾಳೆಯ ಅಂಚಿನಲ್ಲಿ ನಾಲ್ಕು ಪೆಟ್ಟಿಗೆ ಗೀಚಿ ಆ ಸಾಲನ್ನು ಮತ್ತೆ ಕಟ್ಟುತ್ತಾರೆ.

ಇದಕ್ಕೆಲ್ಲ ಬೇಕಾದದ್ದು ಹೊತ್ತು. ಪ್ರತಿ ಜೋಡಿಯ ಹತ್ತಿರ ಕೂರಬೇಕು, ಎಲ್ಲರ ಚಿತ್ರ ನೋಡಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಐದನೇ ಸೆಮಿಸ್ಟರ್‌ನ ಕೆಲವರನ್ನು ಸಹಾಯಕ್ಕೆ ಕರೆಯುತ್ತೇನೆ. ಅವರಿಗೆ ಒಂದೇ ಷರತ್ತು, ಕೀಬೋರ್ಡ್ ಮುಟ್ಟಬಾರದು, ಪ್ರಶ್ನೆ ಮಾತ್ರ ಕೇಳಬೇಕು. ರೈಲು ನಕ್ಷೆ ಈಗ ನಾಲ್ಕನೇ ಸೆಮಿಸ್ಟರ್‌ನ ಅಲ್ಗಾರಿದಮ್ಸ್ ಲ್ಯಾಬಿಗೂ ಹೋಗಿದೆ. ನಮ್ಮ ಸಹೋದ್ಯೋಗಿಯೊಬ್ಬರು ನಿಲ್ದಾಣಗಳ ನಡುವಿನ ಕಿಲೋಮೀಟರ್‌ಗಳನ್ನು ರೈಲ್ವೆ ಟೈಮ್‌ಟೇಬಲ್ ನೋಡಿ ಮಕ್ಕಳಿಂದಲೇ ತುಂಬಿಸಿ, ಅದರ ಮೇಲೆ ಡೈಕ್‌ಸ್ಟ್ರಾ (ಅತಿ ಹತ್ತಿರದ ದಾರಿ ಹುಡುಕುವುದು) ಮತ್ತು ಕ್ರುಸ್ಕಲ್ (ಎಲ್ಲ ಊರನ್ನೂ ಅತಿ ಕಡಿಮೆ ಕಿಲೋಮೀಟರ್‌ನಲ್ಲಿ ಸೇರಿಸುವುದು) ಓಡಿಸುತ್ತಾರೆ. ಕಲಬುರಗಿ, ವಾಡಿ, ಬೀದರ್, ಹುಮನಾಬಾದ್ ಸುತ್ತಿನಲ್ಲಿ ಕ್ರುಸ್ಕಲ್ ಯಾವ ಅಂಚನ್ನು ಬಿಡುತ್ತದೆ ಅಂತ ಮಕ್ಕಳು ಮೊದಲೇ ಬರೆದು ಕೊಡಬೇಕು, ಓಡಿಸುವುದು ಆಮೇಲೆ.